ನಗು ಅಂದರೆ ಸಾಕೇ?

"ಖುಷಿಯಾಗಿರಿ, ಕಾಯಿಲೆ ಹತ್ತಿರ ಬರಲ್ಲ." ವಾಟ್ಸಾಪ್‌ನಿಂದ ಹಿಡಿದು ವಾರ್ಷಿಕೋತ್ಸವದ ಅತಿಥಿಗಳ ಭಾಷಣದವರೆಗೆ ಈ ಮಾತು ಕೇಳುತ್ತಲೇ ಇರುತ್ತೇವೆ. ಪೂರ್ತಿ ಸುಳ್ಳೇನಲ್ಲ. 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಮೆರಿಕದ ಶೆಲ್ಡನ್ ಕೋಹೆನ್ ಮತ್ತು ಸಂಗಡಿಗರು 334 ಆರೋಗ್ಯವಂತರ ಮೂಗಿಗೆ ನೆಗಡಿಯ ವೈರಸ್ ಹಾಕಿ ನೋಡಿದರು. ಲವಲವಿಕೆಯಿಂದಿದ್ದವರಿಗೆ ನೆಗಡಿ ಹಿಡಿದದ್ದು ಕಡಿಮೆ.

ಆದರೆ ಬ್ರಿಟನ್ನಿನಲ್ಲಿ 7 ಲಕ್ಷಕ್ಕೂ ಹೆಚ್ಚು ಮಹಿಳೆಯರನ್ನು ವರ್ಷಗಟ್ಟಲೆ ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯೇ ಹೇಳಿತು: ಕಾಯಿಲೆಯೇ ಜನರ ಖುಷಿ ಕಸಿಯುತ್ತದೆ. ಕಾಯಿಲೆಯ ಪ್ರಭಾವವನ್ನು ಲೆಕ್ಕದಿಂದ ತೆಗೆದರೆ, ಬೇಸರವೊಂದೇ ಆಯುಷ್ಯ ಕಡಿಮೆ ಮಾಡಿದ್ದು ಕಾಣಲಿಲ್ಲ.

ನಮ್ಮ ತರಗತಿಗಳಿಗೆ ಈ ಎರಡನೆಯದೇ ಹೆಚ್ಚು ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ. 59 ಮಂದಿಗೆ ರಕ್ತಹೀನತೆ ಇದೆ. ಅಂದರೆ ಒಂದು ಬೆಂಚಿನಲ್ಲಿ ಐವರು ಕೂತಿದ್ದರೆ ಹೆಚ್ಚುಕಡಿಮೆ ಮೂವರಿಗೆ. ಮೆಟ್ಟಿಲು ಹತ್ತಿದರೆ ಏದುಸಿರು, ಮೂರನೇ ಪೀರಿಯಡ್‌ಗೆ ತೂಕಡಿಕೆ, ಯಾರಾದರೂ ಮಾತಾಡಿಸಿದರೆ ಸಿಡುಕು. ಅಂಥವಳಿಗೆ ನಾವು "ಯಾವಾಗಲೂ ಮುಖ ಸಪ್ಪೆ ಮಾಡ್ಕೊಂಡಿರ್ತೀಯಲ್ಲೇ, ಸ್ವಲ್ಪ ನಗು" ಅನ್ನುತ್ತೇವೆ. ಅವಳಿಗೆ ಬೇಕಿರುವುದು ಬುದ್ಧಿಮಾತಲ್ಲ, ರಕ್ತಪರೀಕ್ಷೆ. ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆ ಇದ್ದರೆ ಡಾಕ್ಟರನ್ನು ಕಾಣಬೇಕು.

ಬೆಳಗ್ಗೆ ಬರೀ ಚಹಾ ಕುಡಿದು ಬಸ್ ಹಿಡಿಯುವವರು ನಮ್ಮಲ್ಲಿ ಎಷ್ಟು ಮಂದಿ! ಊಟದ ಜೊತೆಗೇ ಚಹಾ ಕುಡಿದರೆ ಸೊಪ್ಪು, ಬೇಳೆಯ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ. ನಿಂಬೆರಸ ಹಿಂಡಿಕೊಂಡರೆ ಚೆನ್ನಾಗಿ ಹತ್ತುತ್ತದೆ.

ಪ್ರಾಂಶುಪಾಲರಲ್ಲಿ ಒಂದು ವಿನಂತಿ: ಈ ವರ್ಷ ವ್ಯಕ್ತಿತ್ವ ವಿಕಸನದ ಉಪನ್ಯಾಸ ಒಂದು ಕಡಿಮೆಯಾದರೂ ಚಿಂತೆಯಿಲ್ಲ, ಆ ದಿನ ಕಾಲೇಜಿನಲ್ಲೇ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಹುಡುಗರಿಗೂ.