ಬಟವಾಡೆ ನಮ್ಮ ಮನೆಯಲ್ಲೇ ಆಗಲಿ

ಕಾಗದ ಬರೆಯುವುದು ಅರ್ಧ ಕೆಲಸ, ಅದು ಬಟವಾಡೆಯಾಗುವುದು ಉಳಿದರ್ಧ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ತೋಟದಾಚೆಯ ಒಂಟಿ ಮನೆಗೂ ಅಂಚೆಯವನು ಕಾಲುಸಂಕ ದಾಟಿ ಬರುತ್ತಾನೆ. ಹೊಳೆ ತುಂಬಿದ ದಿನ ಕಾಗದ ಶಾಖಾ ಕಚೇರಿಯಲ್ಲೇ ಉಳಿದು, ನೀರಿಳಿದ ಮೇಲೆ ಕೈಸೇರುತ್ತದೆ. ತಡವಾಗಲಿ, ಬಂದ ಮೇಲೆ ಅದು ನಮ್ಮದು. ಓದಿ ತಂತಿಗೆ ಚುಚ್ಚಿಡುತ್ತೇವೆ. ಅಂಚೆ ಇಲಾಖೆ ಅದನ್ನು ಮರಳಿ ಕೇಳುವುದಿಲ್ಲ.

ಇ-ಮೇಲ್ ವಿಷಯದಲ್ಲಿ ಮಾತ್ರ ನಾವು ಈ ಹಕ್ಕನ್ನು ಬಿಟ್ಟುಕೊಟ್ಟು ಕೂತಿದ್ದೇವೆ. ಅಲ್ಲಿ ಕಾಗದ ಮನೆಗೆ ಬರುವುದೇ ಇಲ್ಲ. ನಾವೇ ಯಾವುದೋ ಕಂಪನಿಯ ಕಪಾಟಿನ ಮುಂದೆ ನಿಂತು ಓದಿ ಬರುತ್ತೇವೆ. 2023ರ ಡಿಸೆಂಬರ್‌ನಿಂದ ಜಾರಿಗೆ ಬಂದ ಗೂಗಲ್ ನಿಯಮದಂತೆ, ಎರಡು ವರ್ಷ ಬಳಸದ ವೈಯಕ್ತಿಕ ಖಾತೆಯನ್ನು ಕಾಗದಗಳ ಸಮೇತ ಅವರು ಅಳಿಸಬಹುದು. ಪರದೇಶದಲ್ಲಿದ್ದ ನನ್ನ ಅಣ್ಣನ ಕಾಗದಗಳಿದ್ದ ನನ್ನ ಖಾತೆಯೊಂದು, ಅದನ್ನು ನಡೆಸುತ್ತಿದ್ದ ಕಂಪನಿ ಬಾಗಿಲು ಹಾಕಿದಾಗ ಹೋಯಿತು. ಅಣ್ಣ ಈಗಿಲ್ಲ. ಅಪ್ಪಯ್ಯ ಬರೆದ ಇನ್‌ಲ್ಯಾಂಡ್ ಪತ್ರಗಳು ಇಂದಿಗೂ ತಂತಿಯಲ್ಲಿವೆ.

ಹಾಗಾದರೆ ಏನು ಮಾಡಬೇಕು? ಮನೆಯಲ್ಲೇ ಒಂದು ಅಂಚೆ ಕಚೇರಿ ತೆರೆಯಬೇಕು. ನಗಬೇಡಿ. ನಾನು ಬಿ.ಎ., ಬಿ.ಎಡ್. ಮಾಡಿ ಶಾಲೆಯಲ್ಲಿ ಕನ್ನಡ ಕಲಿಸುವವಳು. ಅಟ್ಟ ಸೇರಿದ್ದ ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿ ಈ ಕೆಲಸ ಮಾಡಿದ್ದೇನೆ. ಲಿನಕ್ಸಿಗೆ ಕಾಸು ಕೊಡಬೇಕಿಲ್ಲ. ಅದರ ಮೇಲೆ ಓಡುವ ಫೆಚ್‌ಮೇಲ್, ಪೋಸ್ಟ್‌ಫಿಕ್ಸ್, ಡವ್‌ಕಾಟ್ ಎಂಬ ತಂತ್ರಾಂಶಗಳಿಗೂ ಇಲ್ಲ. ಫೆಚ್‌ಮೇಲ್ ಎಂಬುದು ಹೊರಗಿನ ಪೆಟ್ಟಿಗೆಯಿಂದ ಕಾಗದ ಹೊತ್ತು ತರುವ ಆಳು. ಪೋಸ್ಟ್‌ಫಿಕ್ಸ್ ಯಾರ ಹೆಸರಿಗೆ ಬಂತೆಂದು ನೋಡಿ ವಿಂಗಡಿಸುವ ಪೋಸ್ಟ್‌ಮಾಸ್ತರು. ಡವ್‌ಕಾಟ್ ಅದನ್ನು ಆಯಾ ಪೆಟ್ಟಿಗೆಗೆ ಹಾಕಿ, ಕೇಳಿದಾಗ ನಮ್ಮ ಫೋನಿಗೆ ತೋರಿಸುತ್ತದೆ. ಬಟವಾಡೆ ಎಂದರೆ ಇಷ್ಟೇ.

“ಅಕ್ಕೋರೆ, ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟೇ ಇರೋದಿಲ್ಲ, ನಿಮಗ್ಯಾಕೆ ಈ ಉಸಾಬರಿ?” ಎನ್ನುವವರಿದ್ದಾರೆ. ಅವರಿಗೆ ಎರಡು ಮಾತು. ಮೊದಲನೆಯದು, ಕರೆಂಟಿಲ್ಲದಾಗ ಕಾಗದ ಹೊರಗಿನ ಪೆಟ್ಟಿಗೆಯಲ್ಲೇ ಕಾಯುತ್ತದೆ. ನೇರವಾಗಿ ನಮ್ಮ ಯಂತ್ರಕ್ಕೇ ಬರುವಂತಿದ್ದರೂ ಭಯವಿಲ್ಲ. 1982ರಲ್ಲಿ ಜಾನ್ ಪೋಸ್ಟೆಲ್ ಬರೆದ ಎಸ್‌ಎಂಟಿಪಿ ನಿಯಮಗಳ ಕಾಲದಿಂದಲೂ, ಬಾಗಿಲು ಮುಚ್ಚಿದ್ದರೆ ಕಳಿಸುವವನು ಕಾಗದವನ್ನು ಬಿಸಾಡದೆ ಮತ್ತೆ ಬರುವುದು ರೂಢಿ. ಪೋಸ್ಟ್‌ಫಿಕ್ಸ್ ನಾವೇನೂ ಹೇಳದಿದ್ದರೂ ಐದು ದಿನ ಪ್ರಯತ್ನಿಸುತ್ತದೆ. ಎರಡನೆಯದು, ಪೆಟ್ಟಿಗೆಯನ್ನು ಮೇಲ್‌ಡಿರ್ ಪದ್ಧತಿಯಲ್ಲಿ ಇಡಬೇಕು. ಇದು ಡೇನಿಯಲ್ ಬರ್ನ್‌ಸ್ಟೈನ್ ರೂಪಿಸಿದ್ದು. ಇದರಲ್ಲಿ ಪ್ರತಿ ಕಾಗದಕ್ಕೂ ಬೇರೆ ಕಡತ. ಕಾಗದವನ್ನು ಮೊದಲು ‘ಟಿಎಂಪಿ’ ಎಂಬ ಖಾನೆಯಲ್ಲಿ ಪೂರ್ತಿ ಬರೆದು, ಆಮೇಲಷ್ಟೇ ‘ನ್ಯೂ’ ಎಂಬ ಖಾನೆಗೆ ದಾಟಿಸುತ್ತಾರೆ. ನಡುವೆ ಕರೆಂಟು ಹೋದರೆ ಅರ್ಧ ಕಾಗದ ಪೆಟ್ಟಿಗೆ ಸೇರುವುದಿಲ್ಲ. ನಮ್ಮೂರ ಕರೆಂಟನ್ನು ಕಂಡೇ ಮಾಡಿದಂತಿದೆ!

“ದೊಡ್ಡ ಕಂಪನಿಯಲ್ಲಿ ಭದ್ರವಲ್ಲವೇ?” ಎಂಬುದು ಇನ್ನೊಂದು ಪ್ರಶ್ನೆ. ಕಳ್ಳರಿಂದ ಭದ್ರವಿರಬಹುದು, ಒಪ್ಪುತ್ತೇನೆ. ಆದರೆ ಬ್ಯಾಂಕಿನ ಲಾಕರಿನಲ್ಲಿಟ್ಟ ಬಂಗಾರದ ಒಂದು ಕೀಲಿ ನಮ್ಮ ಕೈಲಿರುತ್ತದೆ. ಇಲ್ಲಿ ಕಪಾಟೂ ಅವರದು, ಕೀಲಿಯೂ ಅವರದು. ಮನೆಯ ಯಂತ್ರಕ್ಕೆ ಗಟ್ಟಿ ಗುಪ್ತಪದವಿರಲಿ, ವಾರಕ್ಕೊಮ್ಮೆ ಕಾಗದಗಳ ಪ್ರತಿ ಬೇರೆ ಡಿಸ್ಕಿಗೆ ಹೋಗಲಿ. ದಿನಾ ರಾತ್ರಿ ಕೊಟ್ಟಿಗೆ ಬಾಗಿಲು ಹಾಕಿದ್ದು ನೋಡಿ ಮಲಗುವವರಿಗೆ ಇದೊಂದು ಭಾರವೇ?

ಒಂದು ತೊಡಕು ಮಾತ್ರ ನಿಜ. ಮನೆಯಿಂದ ನೇರವಾಗಿ ಕಾಗದ ಕಳಿಸುವುದು ಕಷ್ಟ. ಇ-ಮೇಲ್ ಹಾಯುವ 25ನೇ ದ್ವಾರವನ್ನು ಇಂಟರ್ನೆಟ್ ಕೊಡುವ ಅನೇಕರು ಮುಚ್ಚಿಟ್ಟಿರುತ್ತಾರೆ. ಮನೆಯ ಸಂಪರ್ಕದ ಅಂಕಿ ವಿಳಾಸವೂ ಆಗಾಗ ಬದಲಾಗುತ್ತದೆ. ಕಸದ ಕಾಗದಗಳ ಕಾಟದಿಂದ ದೊಡ್ಡ ಕಂಪನಿಗಳು ಅಂಥ ವಿಳಾಸಗಳನ್ನು ನಂಬುವುದಿಲ್ಲ. ನನ್ನ ಜಗಳ ಇರುವುದೇ ಇಲ್ಲಿ. ಯಾವ ಊರಿನ ಯಂತ್ರವೂ ಯಾವ ಊರಿನ ಯಂತ್ರಕ್ಕಾದರೂ ಕಾಗದ ತಲುಪಿಸಲಿ ಎಂದು ಕಟ್ಟಿದ ವ್ಯವಸ್ಥೆಯಲ್ಲಿ, ಯಾರ ಕಾಗದ ಒಳಗೆ ಬರಬೇಕೆಂದು ಈಗ ನಾಲ್ಕಾರು ಕಂಪನಿಗಳು ತೀರ್ಮಾನಿಸುತ್ತಿವೆ. ಸದ್ಯಕ್ಕೆ ನಾನು ಹೊರಹೋಗುವ ಕಾಗದವನ್ನಷ್ಟೇ ಹಣ ಕೊಟ್ಟು ಇನ್ನೊಬ್ಬರ ಮೂಲಕ ಕಳಿಸುತ್ತೇನೆ.

ಒಬ್ಬೊಬ್ಬರೇ ಗುದ್ದಾಡಿ ಇದು ಬಗೆಹರಿಯದು. ನಮ್ಮ ಹಿರಿಯರು ಅಡಿಕೆಯನ್ನು ದಲ್ಲಾಳಿಗಳ ಕೈಯಿಂದ ಬಿಡಿಸಿಕೊಳ್ಳಲು 1923ರಲ್ಲಿ ಶಿರಸಿಯಲ್ಲಿ ತೋಟಗಾರ್ಸ್ ಸೇಲ್ ಸೊಸೈಟಿ ಕಟ್ಟಿದರು. ಅಡಿಕೆಗೆ ಬೇಡವಾದ ದಲ್ಲಾಳಿ ಮನೆಯ ಕಾಗದಕ್ಕೇಕೆ ಬೇಕು? ತಾಲೂಕಿಗೊಂದು ಸಹಕಾರಿ ಸಂಘ ತನ್ನ ಹೆಸರಿನ ಡೊಮೈನ್ ಕೊಂಡು, ಸ್ಥಿರ ವಿಳಾಸದ ಯಂತ್ರವೊಂದನ್ನು ಇಟ್ಟು, ನೋಡಿಕೊಳ್ಳಲು ಒಬ್ಬ ಹುಡುಗನನ್ನೋ ಹುಡುಗಿಯನ್ನೋ ನೇಮಿಸಲಿ. ಊರಲ್ಲೇ ಒಂದು ಕೆಲಸವೂ ಹುಟ್ಟುತ್ತದೆ. ಸದಸ್ಯರ ಕಾಗದ ಅಲ್ಲಿಂದ ಹೊರಡಲಿ, ಬಂದದ್ದು ಅವರವರ ಮನೆಯ ಯಂತ್ರಕ್ಕೆ ಇಳಿಯಲಿ. ಶಾಲೆಗಳೂ ‘ಸೆಂಡ್’ ಒತ್ತುವುದನ್ನಷ್ಟೇ ಕಲಿಸದೆ, ಒತ್ತಿದ ಮೇಲೆ ಕಾಗದ ಎಲ್ಲಿಗೆ ಹೋಗುತ್ತದೆ, ಯಾರ ಬಳಿ ಉಳಿಯುತ್ತದೆ ಎಂಬುದನ್ನು ಕಲಿಸಲಿ. ಮುಂದಿನ ವಾರ್ಷಿಕ ಸಭೆಯಲ್ಲಿ, ಬೋನಸ್ಸಿನ ಮಾತು ಮುಗಿದ ಮೇಲಾದರೂ, ನಿಮ್ಮ ಸಂಘದಲ್ಲಿ ಎದ್ದು ನಿಂತು ಈ ಪ್ರಶ್ನೆ ಕೇಳಿ.