ಹರಿತಕ್ಕೂ ಲೆಕ್ಕವಿರಲಿ

ಮಲೆನಾಡಿನ ಕಾಫಿ ತೋಟಗಳಲ್ಲಿ ಸಿಲ್ವರ್ ಓಕ್ ಕಡಿಯುವುದರಿಂದ ಹಿಡಿದು ಸಾಮಿಲ್ಲಿನ ಅಂಗಳದಲ್ಲಿ ದಿಮ್ಮಿ ತುಂಡರಿಸುವವರೆಗೆ ಚೈನ್ ಸಾ ಇಂದು ಅನಿವಾರ್ಯ ಉಪಕರಣವಾಗಿದೆ. ಆದರೆ ಯಂತ್ರಕ್ಕೆ ಸಾವಿರಾರು ರೂಪಾಯಿ ತೊಡಗಿಸುವ ಅನೇಕ ಮಾಲೀಕರು ಅದರ ಹಲ್ಲುಗಳ ಆರೈಕೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಅಮೆರಿಕದ ಜೋಸೆಫ್ ಕಾಕ್ಸ್ ಮರ ಕೊರೆಯುವ ಹುಳುವಿನ ದವಡೆಯನ್ನು ಗಮನಿಸಿ ರೂಪಿಸಿ, 1947ರಲ್ಲಿ ಮಾರುಕಟ್ಟೆಗೆ ತಂದ ಸರಪಳಿಯೇ ಇಂದಿನ ಚೈನಿಗೆ ಮೂಲ. ಇದರ ಹಲ್ಲು ಉಳಿಯಂತೆ ಚಕ್ಕೆ ಎಬ್ಬಿಸುತ್ತದೆ. ಚಕ್ಕೆಯ ಬದಲು ನುಣ್ಣನೆಯ ಪುಡಿ ಉದುರತೊಡಗಿದರೆ ಹಲ್ಲು ಮೊಂಡಾಗಿದೆಯೆಂದೇ ಅರ್ಥ. ಆಗ ಕೆಲಸಗಾರ ಯಂತ್ರವನ್ನು ಬಲವಾಗಿ ಒತ್ತಬೇಕಾಗುತ್ತದೆ. ಇಂಧನ ಹೆಚ್ಚು ಉರಿಯುತ್ತದೆ, ಬಾರ್ ಸವೆಯುತ್ತದೆ. ದಣಿದ ಕೈ ಹಿಡಿತ ತಪ್ಪಿದರೆ ಅಪಾಯ ಜೀವಕ್ಕೇ.

ಪರಿಹಾರವೇನೂ ಕಠಿಣವಲ್ಲ. 0.325 ಇಂಚಿನ ಪಿಚ್ ಇರುವ ಚೈನಿಗೆ ಸಾಮಾನ್ಯವಾಗಿ 4.8 ಮಿ.ಮೀ. ದುಂಡು ಅರ ಸಾಕು. ತಯಾರಕರು ಸೂಚಿಸಿದ ಕೋನದಲ್ಲಿ, ಎರಡೂ ಬದಿಯ ಹಲ್ಲುಗಳನ್ನು ಸಮನಾಗಿ ಉಜ್ಜಬೇಕು; ಇಲ್ಲವಾದರೆ ಕೊಯ್ತ ಒಂದು ಬದಿಗೆ ವಾಲುತ್ತದೆ. ಹಲ್ಲಿನ ಮುಂದಿರುವ ಡೆಪ್ತ್ ಗೇಜನ್ನು ಅಳತೆಗೋಲಿಲ್ಲದೆ ತಗ್ಗಿಸುವುದು ಸಲ್ಲದು. ಅದು ಮಿತಿಮೀರಿ ತಗ್ಗಿದರೆ ಯಂತ್ರ ಹಿಂದಕ್ಕೆ ಸಿಡಿಯುವ ಸಂಭವ ಹೆಚ್ಚುತ್ತದೆ. ಬಾರನ್ನು ಆಗಾಗ ಮಗುಚಿ ಹಾಕಿ, ಅದರ ಕಾಲುವೆಯಲ್ಲಿನ ಹೊಟ್ಟನ್ನು ತೆಗೆಯಬೇಕು. ಚೈನಿಗೆ ಹಳೆಯ ಎಂಜಿನ್ ಆಯಿಲ್ ಸುರಿಯುವ ಉಳಿತಾಯ ನಿಜವಾದ ಉಳಿತಾಯವಲ್ಲ. ಅದರಲ್ಲಿನ ಲೋಹದ ಕಣಗಳು ಸವೆತವನ್ನು ಹೆಚ್ಚಿಸುತ್ತವೆ.

ಇಷ್ಟು ಸರಳವಾದ ಕೆಲಸ ನಡೆಯದಿರುವುದೇಕೆ? ದಿಮ್ಮಿಯ ಲೆಕ್ಕಕ್ಕೆ ಕೂಲಿ ಪಡೆಯುವವನಿಗೆ ಅರ ಹಿಡಿದು ಕುಳಿತ ಹೊತ್ತು ನಷ್ಟದ ಹೊತ್ತು. ದಿನಗೂಲಿಯವನು ಹಾಗೆ ಕುಳಿತರೆ ಅದು ಮಾಲೀಕರ ಕಣ್ಣಿಗೆ ಸೋಮಾರಿತನವಾಗಿ ಕಾಣುತ್ತದೆ. ಆದ್ದರಿಂದ ದೋಷವಿರುವುದು ಕೆಲಸಗಾರನಲ್ಲಲ್ಲ, ಕೂಲಿಯ ಲೆಕ್ಕಾಚಾರದಲ್ಲಿ. ಹರಿತಗೊಳಿಸುವ ಸಮಯಕ್ಕೂ ಕೂಲಿ ಸಲ್ಲಬೇಕು. ಪ್ರತಿ ಯಂತ್ರಕ್ಕೆ ಎರಡು-ಮೂರು ಚೈನುಗಳನ್ನು ಸರದಿಯಲ್ಲಿ ಬಳಸಿದರೆ ಕೆಲಸವೂ ನಿಲ್ಲದು.

ವ್ಯಾಪಾರಿಗಳ ಹೊಣೆಯೂ ಇದರಲ್ಲಿದೆ. ಚೈನಿನೊಡನೆ ತಕ್ಕ ಅರ ಹಾಗೂ ಅಳತೆಗೋಲನ್ನು ಕೊಟ್ಟು, ಬಳಸುವ ಕ್ರಮವನ್ನು ಅಂಗಡಿಯಲ್ಲಿಯೇ ತೋರಿಸಿಕೊಡುವುದು ಉತ್ತಮ. ಒಂದೇ ಚೈನನ್ನು ಹಲವು ಬಾರಿ ಹರಿತಗೊಳಿಸಬಹುದಾದ್ದರಿಂದ ಹೊಸ ಚೈನಿನ ಮಾರಾಟ ತುಸು ಕಡಿಮೆಯಾದೀತು, ನಿಜ. ಆದರೆ ಸರಕಿನೊಡನೆ ತಿಳಿವಳಿಕೆಯನ್ನೂ ಕೊಡುವ ಅಂಗಡಿಯನ್ನು ಗಿರಾಕಿ ಸುಲಭವಾಗಿ ಬಿಡುವುದಿಲ್ಲ. ಅರದ ಬೆಲೆ ಅಲ್ಪ. ಅದನ್ನು ಬಳಸದಿರುವುದರ ಬೆಲೆಯನ್ನು ಮಾಲೀಕರು ಹಣದಲ್ಲಿ ತೆತ್ತರೆ, ಕೆಲಸಗಾರ ಮೈಯಲ್ಲಿ ತೆರುತ್ತಾನೆ.