ಹಾಡಿನ ಸಿಪ್ಪೆ ಸುಲಿಯಬೇಡಿ

ಕವಿ ಸಿದ್ಧಲಿಂಗಯ್ಯ 2021ರ ಜೂನ್ 11ರಂದು ಕೊರೊನಾಕ್ಕೆ ಬಲಿಯಾದರು. ಮರುವರ್ಷ ಸರ್ಕಾರ ಮರಣೋತ್ತರ ಪದ್ಮಶ್ರೀ ಕೊಟ್ಟಿತು. ಕೊಡಲಿ. ಆದರೆ ಅವರ ಹಾಡುಗಳ ಆಲ್ಬಮ್ ಮಾಡುವುದಾದರೆ ಯಾರು ಮಾಡಬೇಕು?

ಸ್ಟುಡಿಯೋದವರು ಮಾಡಿದರೆ ಕೀಬೋರ್ಡು ಸೇರಿಸಿ, ಕೆಮ್ಮು ತೆಗೆದು, ಜೋಗುಳ ಮಾಡಿಯಾರು. 1975ರ 'ಹೊಲೆಮಾದಿಗರ ಹಾಡು' ಜೋಗುಳವಲ್ಲ. ಅದನ್ನು ಊರೂರಿಗೆ ಒಯ್ದದ್ದು ಅಕಾಡೆಮಿಯಲ್ಲ, ದಲಿತ ಸಂಘರ್ಷ ಸಮಿತಿಯ ಹುಡುಗರ ಗಂಟಲು ಮತ್ತು ತಮಟೆ.

ಕವಿ ವಿಧಾನ ಪರಿಷತ್ತಿಗೆ ಹೋದರು ಅಂತ ಮುನಿದವರು ನಮ್ಮಲ್ಲೂ ಇದ್ದಾರೆ. ಮುನಿಸು ಕವಿಯ ಮೇಲಿರಲಿ, ಹಾಡನ್ನು ಬಿಟ್ಟುಕೊಡಬೇಡಿ. ಅದು ಅವರೊಬ್ಬರ ಆಸ್ತಿಯಲ್ಲ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಗೆಳೆಯರೇ, ನಿಮಗೆ ಹೇಳಿಕೊಡಬೇಕಾ? ಕಾಯಿ ಉಂಡೆಕೊಬ್ಬರಿ ಆಗೋಕೆ ಸಿಪ್ಪೆ ಸಮೇತ ತಿಂಗಳುಗಟ್ಟಲೆ ಅಟ್ಟದ ಮೇಲಿರಬೇಕು. ಮೊದಲೇ ಸುಲಿದರೆ ಕೆಡುತ್ತೆ. ಹಾಡೂ ಹಾಗೇ. ಚಪ್ಪಾಳೆ, ಕೂಗು, ತಪ್ಪಿದ ತಾಳ, ನಡುವೆ ಅತ್ತ ಕೂಸು, ಇವೇ ಅದರ ಸಿಪ್ಪೆ.

ಹಳೇ ಕ್ಯಾಸೆಟ್ಟು, ಮೊಬೈಲು ತಡಕಿ. ಸಭೆಗಳಲ್ಲಿ ಹಾಡಿದ್ದನ್ನ ಇದ್ದಂಗೇ ಕೂಡಿಸಿ. ಯಾವ ಹಾಡು ಮೊದಲು ಅನ್ನೋದನ್ನ ಹಾಡಿದವರು, ಕೇಳಿದವರು, ಕಾಯಿ ಸುಲಿಯೋ ಕೂಲಿಯವರು ಕೂತು ತೀರ್ಮಾನ ಮಾಡಲಿ. ಆಲ್ಬಮ್ಮಿನ ಮೇಲೆ ಕವಿಯ ಹೆಸರಿನ ಪಕ್ಕ ಹಾಡಿದವರ ಹೆಸರೂ ಅಷ್ಟೇ ದೊಡ್ಡದಾಗಿರಲಿ.